ಆಖೈರು ಶಿಲ್ಕು

ಆರಂಭ ಶಿಲ್ಕು: ಎರಡು ಲಕ್ಷ ಹದಿನಾಲ್ಕು ಸಾವಿರದ
ಆರುನೂರ ಮೂರು ರೂಪಾಯಿ, ನಲವತ್ತು ಪೈಸೆ.
ಆ ನಲವತ್ತು ಪೈಸೆ ಯಾವ ಕಾಲದ್ದೋ,
ನನಗಿಂತ ಹಿರಿದು.
ವರ್ಷವರ್ಷವೂ ಅದನ್ನು ಹೊಸ ಪುಟಕ್ಕೆ ಎತ್ತಿ ಕೂರಿಸುತ್ತೇನೆ,
ಹಾಸಿಗೆ ಹಿಡಿದ ಅಜ್ಜಿಯನ್ನು ಬಿಸಿಲಿಗೆ ಕೂರಿಸುವ ಹಾಗೆ.

ಸಾಷ್ಟಿ ತಾಲೂಕಿನ ನಮ್ಮ ಪಂಚಾಯತಿಗೆ
ಏಳು ವಾರ್ಡು, ಒಂದು ಕಸದ ಟೆಂಪೊ,
ತಿಂಗಳಿಗೆ ಹದಿನೈದು ದಿನ ಮಲಗುವ ಪ್ರಿಂಟರು.
ವರಮಾನ: ಮನೆಪಟ್ಟಿ, ಅಂಗಡಿ ಲೈಸೆನ್ಸು,
ಫೆಸ್ತಾದ ದಿನ ಇಗರ್ಜಿಯ ಮುಂದೆ
ಖಾಜೆ, ಕಡ್ಲೆ ಮಾರುವವರಿಂದ ಮೊಳದ ಲೆಕ್ಕದ ಸೋಪೊ.
ಕಾಯ್ತಾನ್ ಅಂಕಲ್ ಏಪ್ರಿಲ್ ಎರಡಕ್ಕೇ ಬಂದು
ಎಂಬತ್ತಾರು ರೂಪಾಯಿ ಎಣಿಸುತ್ತಾನೆ, ಬರೀ ಚಿಲ್ಲರೆ.
ಅವನ ಪಕ್ಕದ ಹನ್ನೊಂದು ಕಿಟಕಿಯ ಮನೆಯವರು ಲಿಸ್ಬನ್ನಿನಲ್ಲಿ.
ಹದಿನಾರು ವರ್ಷದ ನೋಟೀಸು ಬಾಗಿಲ ಸಂದಿಯೊಳಗೆ,
ಗೆದ್ದಲಿಗೆ ನಾವೇ ಪಟ್ಟಿ ಕಟ್ಟುತ್ತಿರುವಂತೆ.

ಅನುದಾನ ಬಂದರೆ ಬಂತು.
ಎಲೆ ಎತ್ತಿ ಸೆಗಣಿ ಸಾರಿಸಿದ ಮೇಲೆ ಬರುವ ನೆಂಟ.
ಈ ಸಲ ಮಾರ್ಚ್ ಇಪ್ಪತ್ತೆಂಟು, ಶುಕ್ರವಾರ, ನಾಲ್ಕೂ ಮುಕ್ಕಾಲು:
ಒಂಬತ್ತು ಲಕ್ಷದ ಹತ್ತು ಸಾವಿರ.
ಖರ್ಚಿನ ಗಡುವು ಮೂವತ್ತೊಂದು.
ನಡುವೆ ಒಂದು ಶನಿವಾರ, ಒಂದು ರವಿವಾರ.

"ಮೋರಿ ಕಟ್ಟಬಹುದಿತ್ತು," ಎಂದರು ಕಾರ್ಯದರ್ಶಿ ಎವರಿಸ್ತ್ ಬಾರ್ರೆಟೊ,
ಕನ್ನಡಕ ತೆಗೆದು, ಮೇಜಿಗೆ.
ಮೂರು ದಿನಕ್ಕೆ ಮೋರಿ ಆಗದು. ಪೇವರ್ ಕಲ್ಲು ಆದೀತು.
ಹೋದ ವರ್ಷ ಹಾಸಿದ ಕಲ್ಲಿನ ಪಕ್ಕ ಇನ್ನಷ್ಟು ಕಲ್ಲು.
ಮಳೆಯ ನೀರು ಎಲ್ಲಿಗೆ ಹೋಗಬೇಕು ಎಂಬುದು
ನಮೂನೆಯಲ್ಲಿರುವ ಪ್ರಶ್ನೆಯಲ್ಲ.

ನಮೂನೆ ಕೇಳುವುದು: ತಲೆ ಎಷ್ಟು?
ಅನುದಾನ ತಲೆಯ ಲೆಕ್ಕದ್ದು. ಬರೆಯುತ್ತೇನೆ,
ನಾಲ್ಕು ಸಾವಿರದ ಇನ್ನೂರ ಎಪ್ಪತ್ತೊಂದು.
ಮನೆಪಟ್ಟಿಯ ವಹಿ ಕೇಳುವುದು: ಬಾಗಿಲು ಎಷ್ಟು?
ಗುಡ್ಡದ ಹಿಂದಿನ ತಗಡಿನ ಸಾಲು ಮೊದಲನೆಯದರಲ್ಲಿದೆ,
ಎರಡನೆಯದರಲ್ಲಿಲ್ಲ.
ನೂರಾ ಹದಿನೆಂಟು ತಲೆ. ಒಂದೂ ಬಾಗಿಲಿಲ್ಲ.

ಆರನೇ ತಗಡು ನಮ್ಮವ್ವನದು.
ಬಾದಾಮಿ ಕಡೆಯಿಂದ ಬಂದು ಇಪ್ಪತ್ತೊಂಬತ್ತು ವರ್ಷ,
ಈ ಊರಿನ ಅರ್ಧ ಬಂಗಲೆಗಳ ಸ್ಲ್ಯಾಬು
ಅವಳ ತಲೆಯ ಮೇಲೆಯೇ ಹತ್ತಿ ಹೋದದ್ದು.
ತಲೆಯ ಲೆಕ್ಕವೆಂದರೆ ಅದೂ ಇರಬಹುದು.

ಪ್ರತಿ ಮಾರ್ಚಿಗೂ ಬರುತ್ತಾಳೆ. ಕೌಂಟರಿನಾಚೆ
ಯಾರೋ ಎಂಬಂತೆ ಪಾಳಿಯಲ್ಲಿ ನಿಲ್ಲುತ್ತಾಳೆ.
ಈ ಸಲ ಸೆರಗಿನ ಗಂಟಿನಲ್ಲಿ
ನಿನ್ನೆ ಪೇವರ್ ಕಲ್ಲು ಹೊತ್ತ ಕೂಲಿ, ಇನ್ನೂರರ ಒಂದು ನೋಟು,
ಸಿಮೆಂಟಿನ ಬೂದಿ ಹತ್ತಿದ್ದು.
"ನಮ್ದೂ ಪಟ್ಟಿ ತಗೋ. ಒಂದ್ ಪಾವತಿ ಹರದ್ ಕೊಡು."
"ನಂಬರ್ ಇಲ್ದ ಮನಿಗೆ ಪಾವತಿ ಬರಂಗಿಲ್ಲಬೇ."
"ರೊಕ್ಕ ಕೊಡ್ತೀನಂದ್ರೂ ಒಲ್ಲೆ ಅನ್ನೂ ಸರಕಾರ
ಇದೊಂದ ನೋಡಿದ್ನಿ ನೋಡು."
ಹೋದಳು. ಮುಂದಿನವರು ಮುಂದೆ ಬಂದರು.

ರಾತ್ರಿ ಒಂಬತ್ತಕ್ಕೆ ಲೆಕ್ಕ ಮುಗಿಸುವಾಗ
ಪೆಟ್ಟಿಗೆಯಲ್ಲಿ ಇನ್ನೂರು ಹೆಚ್ಚು.
ಕಡಿಮೆ ಬಿದ್ದರೆ ನಾವು ಕೈಯಿಂದ ಹಾಕುತ್ತೇವೆ, ಅದು ರೂಢಿ.
ಹೆಚ್ಚಾದರೆ ಏನೆಂದು ಯಾರೂ ಹೇಳಿಕೊಟ್ಟಿಲ್ಲ.
ಎರಡು ಸಲ ಎಣಿಸಿದೆವು. ಬಾರ್ರೆಟೊ ನೋಟನ್ನು
ಟ್ಯೂಬ್ ಲೈಟಿಗೆ ಹಿಡಿದು ನೋಡಿದರು,
ಬೆರಳಿಗೆ ಹತ್ತಿದ ಬೂದಿಯನ್ನೂ.
"ಯಾವ ಬಾಬ್ತು?"

"ಇತರೆ," ಎಂದೆ.

ಇತರೆ: ಇನ್ನೂರು ರೂಪಾಯಿ ಮಾತ್ರ.
ಪಾವತಿ ಸಂಖ್ಯೆಯ ಮನೆ ಖಾಲಿ ಬಿಟ್ಟೆ.
ಅವರು ಸಹಿ ಹಾಕಿದರು, ತಲೆಯೆತ್ತಲಿಲ್ಲ.
ಹೊರಗೆ ಮಿಕ್ಕ ಪೇವರ್ ಕಲ್ಲಿನ ರಾಶಿ,
ಅದರ ಮೇಲೆ ಟೆಂಪೊ ಡ್ರೈವರ್ ಕೂತು ಬೀಡಿ ಸೇದುತ್ತಿದ್ದ.
ನಾಳೆ ಹೊಸ ಪುಟ.
ಎತ್ತಿ ಕೂರಿಸಬೇಕಾದವರು ಈಗ ಇಬ್ಬರು.